ಮಾವ ಸಭೆ ಬಿಟ್ಟು ಎದ್ದರು

ನನ್ನ ಸೋದರಮಾವ ಎಲ್ಲಿಗೇ ಹೋದರೂ ಪೂರ್ತಿಯಾಗಿ ಕೂತಿದ್ದನ್ನು ಯಾರೂ ಕಂಡಿಲ್ಲ. ಕಂಡವರೆಲ್ಲ ಕಂಡಿದ್ದು ಅವರು ಎದ್ದುಹೋಗುವುದನ್ನೇ!

ಶುರುವಾದದ್ದು ಅವರ ಮದುವೆಯಲ್ಲಿ. ಕಾಶಿಯಾತ್ರೆಗೆ ಹೊರಟ ವರ ನಾಲ್ಕು ಹೆಜ್ಜೆ ಇಟ್ಟು ನಿಲ್ಲಬೇಕು, ಹುಡುಗಿಯ ತಂದೆ ಕೈಹಿಡಿದು ಕರೆತರಬೇಕು, ಅಲ್ಲವೇ? ಇವರು ಕೊಡೆ ಹಿಡಿದು ಬಸ್ ನಿಲ್ದಾಣದವರೆಗೂ ಹೋಗಿಬಿಟ್ಟರಂತೆ! ಓಡೋಡಿ ಬಂದ ಹೆಣ್ಣಿನ ತಂದೆಗೆ, “ನೀವು ಕರೆದ ರೀತಿ ಸರಿಯಿಲ್ಲ” ಎಂದರಂತೆ. “ಅಪ್ಪ ಆ ಬಸ್ಸು ಹತ್ತಿಸಿ ಕಳಿಸಿಬಿಡಬೇಕಿತ್ತು” ಎಂದು ಅತ್ತೆ ಆಗಾಗ ನಿಟ್ಟುಸಿರು ಬಿಡುತ್ತಿದ್ದರು.

ಒಮ್ಮೆ ಕ್ಷೌರದಂಗಡಿಯಲ್ಲಿ ವಾದ ಹತ್ತಿ, ಅರ್ಧ ಕ್ರಾಪಿನಲ್ಲೇ ಎದ್ದುಬಂದರು. “ಅವನೇ ಮನೆಗೆ ಬಂದು ಕರೀತಾನೆ, ನೋಡ್ತಿರು” ಎಂದರು, ಕಾಲೇಜಿಗೆಂದು ಅವರ ಮನೆಯಲ್ಲಿದ್ದ ನನಗೆ. ಅವನು ಬರಲಿಲ್ಲ. ಮಾವ ಮೂರು ದಿನ ಟೋಪಿ ಹಾಕಿಕೊಂಡು ಆಫೀಸಿಗೆ ಹೋದರು!

ಇಂಥವರನ್ನು ಜಯನಗರದ ನಮ್ಮ ಬೀದಿಗಳ ಸಂಘಕ್ಕೆ ಜನ ಕೈ ಎತ್ತಿ ಆರಿಸಿದರು. ಯಾರಿಗೆ ಜ್ವರ ಬಂದರೂ ಡಾಕ್ಟರನ್ನು ಕರೆತರಲು ಮೊದಲು ಸೈಕಲ್ಲು ತುಳಿಯುತ್ತಿದ್ದವರು ಅವರೇ. ಆರಿಸದೆ ಇರುತ್ತಾರೆಯೇ?

ಬಡಾವಣೆ ಹೊಸದು, ನೀರಿಗೆ ತತ್ವಾರ. ಒಂದು ಬೀದಿ ನಲ್ಲಿ ಮಂಜೂರಾಯಿತು. ಎಲ್ಲಿ ಬೇಕೆಂದು ಸಂಘ ಶನಿವಾರದೊಳಗೆ ಕಾರ್ಪೊರೇಷನ್ನಿಗೆ ಬರೆದುಕೊಡಬೇಕಿತ್ತು. ಬಡಾವಣೆಯೊಳಗೇ ಉಳಿದಿದ್ದ ಹಳೇ ಹಳ್ಳಿಯ ಗುಡಿಸಲುಗಳಿಗೆ ಹತ್ತಿರವೆಂದು ಮಾವ ಹೊಂಗೆ ಮರದ ಕೆಳಗೆ ಕೇಳಿದರು. ಅಧ್ಯಕ್ಷರಿಗೆ ಗುಡಿಯ ಮುಂದೆಯೇ ಆಗಬೇಕು. ನಡುವಿನ ದೂರ ನಲವತ್ತು ಹೆಜ್ಜೆ! ಮತಕ್ಕೆ ಹಾಕುವ ಹೊತ್ತಿಗೆ ಮಾವ ಎದ್ದು ಹೊರಟರು. ನಾಲ್ವರಿದ್ದರೆ ಮಾತ್ರ ಸಭೆ, ಅಂದು ಇದ್ದವರೇ ನಾಲ್ವರು; ತೀರ್ಮಾನವಾಗದೆ ಸಭೆ ಮುರಿಯಿತು.

“ಒಂದ್ಸಲ ಸೋತ್ರೆ ಏನು ಗಂಟು ಹೋಗುತ್ರೀ?” ಎಂದರು ಅತ್ತೆ.

“ಶನಿವಾರ ಬರ್ಲಿ. ತಾವೇ ದಾರಿಗೆ ಬರ್ತಾರೆ.”

ಅತ್ತ ಅಧ್ಯಕ್ಷರೂ, “ಅವರೇ ಬರ್ತಾರೆ ಬಿಡ್ರೀ” ಎನ್ನುತ್ತಿದ್ದರಂತೆ. ಶನಿವಾರ ಸಂಜೆವರೆಗೂ ಮಾವ ವರಾಂಡದಲ್ಲಿ ಬಾಗಿಲು ನೋಡುತ್ತ ಕೂತರು. ಯಾರೂ ಬರಲಿಲ್ಲ, ಇವರೂ ಹೋಗಲಿಲ್ಲ. ನಲ್ಲಿ ಪಕ್ಕದ ಬ್ಲಾಕಿನ ಪಾಲಾಯಿತು.

“ತಪ್ಪೆಲ್ಲ ಅಧ್ಯಕ್ಷರದ್ದೇ” ಎಂದು ಮಾವ ಬೀದಿಯಲ್ಲಿ ಭಾಷಣ ಮಾಡುತ್ತಿದ್ದಾಗ, ಹಳ್ಳಿಯ ಅಜ್ಜಿಯೊಬ್ಬಳು ಆ ದೂರದ ನಲ್ಲಿಯಿಂದ ಕೊಡ ಹೊತ್ತು ಬಂದಳು. ಏದುಸಿರು ಬಿಡುತ್ತ ನಿಂತಳು.

“ನಿಮ್ಗೇ ಕೈ ಎತ್ತಿದ್ದೆ ಸೋಮಿ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಮರದ ತಾವ ಆದ್ರೇನು, ಗುಡಿ ತಾವ ಆದ್ರೇನು? ನೀರು ಬಂದಿದ್ರೆ ಸಾಕಾಗಿತ್ತು.”

ಮಾವ ಕೈ ಚಾಚಿ ಅವಳ ಕೊಡ ಇಳಿಸಿಕೊಂಡರು. ಅವರು ಭಾಷಣವನ್ನು ಅರ್ಧಕ್ಕೇ ಬಿಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮರುದಿನ ಬೆಳಿಗ್ಗೆ ಅವರು ಮನೆಯಲ್ಲಿರಲಿಲ್ಲ. ಹುಡುಕಿಕೊಂಡು ಹೋದರೆ, ಪಕ್ಕದ ಬ್ಲಾಕಿನ ನಲ್ಲಿಯ ಮುಂದೆ ಹೆಂಗಸರ ಸಾಲಿನ ಕೊನೆಯಲ್ಲಿ ಪಂಚೆ ಎತ್ತಿಕಟ್ಟಿ, ಅಜ್ಜಿಯ ಕೊಡ ಹಿಡಿದು ನಿಂತಿದ್ದರು.

“ನೀವು ಮುಂದೆ ಬನ್ನಿ ಸಾರ್, ಹಿಡ್ಕೊಂಡು ಹೋಗಿ” ಎಂದು ಒಬ್ಬಾಕೆ ಜಾಗ ಬಿಟ್ಟಳು.

“ಬೇಡ ಕಣಮ್ಮ” ಎಂದರು ಮಾವ ಮೆಲ್ಲಗೆ. “ನನ್ನ ಸರದಿ ಬರ್ಲಿ. ನಿಂತಿರ್ತೀನಿ.”