ಜಾಕೆಟ್ಟಿನ ಬೆನ್ನ ಮೇಲಿನ ಗಿಫ್ಟು

ಶುಕ್ರವಾರ ಬೆಳಿಗ್ಗೆ ಹಾಲು ತರಲು ಹೋಗಿದ್ದ ಕೆಂಪರಾಜುವನ್ನು ಗ್ರೋಸರಿಯಲ್ಲಿ ಜರ್ಮನ್ ಮುದುಕಿಯೊಬ್ಬಳು ತಡೆದು ನಿಲ್ಲಿಸಿದಳು. ಅವನ ಜಾಕೆಟ್ಟಿನ ಬೆನ್ನ ಮೇಲೆ ಕಂಪನಿಯ ಹೆಸರು ದಪ್ಪಕ್ಷರದಲ್ಲಿತ್ತು: ಗಿಫ್ಟ್.

“ನಮ್ಮ ಭಾಷೆಯಲ್ಲಿ ಇದು ವಿಷ, ಮಗು,” ಎಂದಳು.

ಹಾಲು ಮರೆತು ಅವನು ಲೈಬ್ರರಿಗೆ ಓಡಿದ. ಪಾಲೋ ಆಲ್ಟೋದ ಅವನ ಕಂಪನಿ ಇಂಟರ್ನೆಟ್ಟಿನಲ್ಲಿ ಉಡುಗೊರೆ ಮಾರುತ್ತಿತ್ತು. ಯುರೋಪಿಗೆ ಕಾಲಿಡುವ ಮೊದಲು ಆ ಹೆಸರಿಗೆ ಅಲ್ಲಿ ಏನರ್ಥವೆಂದು ವರದಿ ಕೊಡುವುದು ಅವನ ಕೆಲಸ. ತಿಂಗಳಿಂದ ಮುಗಿಸದೆ ಅದರ ಮೇಲೇ ಕೂತಿದ್ದ. ಕೆಲಸ ಹೋದರೆ ವೀಸಾ ಇಲ್ಲ, ವೀಸಾ ಹೋದರೆ ದೇಶವೇ ಬಿಡಬೇಕು.

ನಿಘಂಟು ಮುದುಕಿಯ ಮಾತನ್ನೇ ಹೇಳಿತು. ಡಚ್ಚರಿಗೆ ಅದು ದಾನ. ಸ್ವೀಡನ್ನಿನವರಿಗೆ ವಿಷವೂ ಹೌದು, ಮದುವೆಯಾದವರೂ ಹೌದು. ಎಲ್ಲಕ್ಕೂ ಬೇರು ಒಂದೇ, ಕೊಡುವುದು. ವೈದ್ಯ ಕೊಟ್ಟ ಗುಟುಕು ಎಂಬ ಅರ್ಥವೇ ಕಾಲಕ್ರಮದಲ್ಲಿ ವಿಷವಾಗಿತ್ತು.

ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಪಕ್ಕದ ಮನೆಯ ಗೌರಮ್ಮ ಹುರುಳಿಕಾಯಿ ಬಿಡಿಸುತ್ತಿದ್ದರು. ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

“ಮದುವೆಗೂ ವಿಷಕ್ಕೂ ಒಂದೇ ಮಾತಾ? ಅನುಭವಸ್ಥರು ಕಣಪ್ಪ ಆ ದೇಶದೋರು! ನಮ್ಮಲ್ಲೂ ಮದ್ದು ಅಂದ್ರೆ ಔಷಧಿ, ಮದ್ದು ಹಾಕಿದ್ರು ಅಂದ್ರೆ ಬೇರೆ. ಅದಕ್ಕೇ ನಮ್ಮೂರಲ್ಲಿ ಯಾರೇನು ತಿನ್ನಕ್ಕೆ ಕೊಟ್ರೂ, ಕೊಟ್ಟೋರೇ ಮೊದ್ಲು ಒಂದು ಚೂರು ತಿನ್ಬೇಕು.”

ಅವರ ಮಗ ಲೋಹಿತ್ ಕಾರಿನ ಕೀ ಕುಣಿಸುತ್ತ ಬಂದ. “ಶುಕ್ರವಾರ ಯಾಕೆ ಗುರು ಬ್ಯಾಡ್ ನ್ಯೂಸು? ಸೋಮವಾರ ಈಮೇಲ್ ಹಾಕು.”

“ವಿಷದ ವಿಚಾರ ಮೂರು ದಿನ ಹೊಟ್ಟೇಲಿ ಇಟ್ಕೋತಾರೇನೋ? ಇವತ್ತೇ ಹೇಳ್ಬಿಡಪ್ಪ,” ಎಂದರು ಗೌರಮ್ಮ.

ಕೆಂಪರಾಜು ಹಿರಿಯರ ಮಾತು ಕೇಳಿದ. ವರದಿ ಬರೆದು ಅಂದೇ ಆಫೀಸಿಗೆ ಒಯ್ದ.

ಆಫೀಸಿನಲ್ಲಿ ಕೆಲಸ ಕಳೆದುಕೊಂಡವರ ಖಾಲಿ ಕುರ್ಚಿಗಳು ಕಟಾವಾದ ಗದ್ದೆಯ ಕಬ್ಬಿನ ಕೂಳೆಗಳಂತೆ ಉಳಿದಿದ್ದವು. ಮ್ಯಾನೇಜರ್ ಗುರುಪ್ರಸಾದ ವರದಿಯನ್ನು ನಿಧಾನವಾಗಿ ಓದಿ, ಕನ್ನಡಕ ತೆಗೆದಿಟ್ಟರು.

“ಇದು ಹೋದ ತಿಂಗಳೇ ಗೊತ್ತಿತ್ತು ಕಣಯ್ಯ. ಯುರೋಪ್ ಪ್ಲಾನೇ ಕ್ಯಾನ್ಸಲ್ ಆಗಿದೆ.”

“ಮತ್ತೆ ನನ್ನ ಕೆಲಸ, ಸಾರ್?”

“ಕೈಲಿ ಪ್ರಾಜೆಕ್ಟ್ ಇರೋರನ್ನ ತೆಗೆಯೋ ಹಾಗಿಲ್ಲ ಅಂತ ರೂಲು. ನಿನ್ನ ರಿಪೋರ್ಟು ಬರೋವರೆಗೂ ಲೆಕ್ಕದಲ್ಲಿ ಪ್ರಾಜೆಕ್ಟು ಜೀವಂತ ಇತ್ತು. ನೋಡಿದ್ಯಲ್ಲ, ಒಂದಿನಾನೂ ನಾನು ರಿಪೋರ್ಟ್ ಕೇಳ್ಲಿಲ್ಲ. ನೀನೇ ತಂದು ಕೊಟ್ಟೆ.”

ಹೊರಡುವಾಗ ಮಾರಾಟವಾಗದೆ ಉಳಿದಿದ್ದ ಚಾಕೊಲೇಟಿನ ಡಬ್ಬಿಯೊಂದನ್ನು ಅವನ ಕೈಗಿತ್ತರು.

ಸಂಜೆ ಅದೇ ಮೆಟ್ಟಿಲ ಮೇಲೆ ಗೌರಮ್ಮ ಡಬ್ಬಿಗೆ ಕೈ ಹಾಕಿದವರು, ಅವನ ಮುಖ ನೋಡಿ ಕೈ ಹಿಂದೆಗೆದರು.

“ಕೊಟ್ಟೋರು ಮೊದ್ಲು ತಿಂದ್ರೇನಪ್ಪಾ?”

“ತಿಂದ್ರು ಅಮ್ಮ,” ಎಂದ ಕೆಂಪರಾಜು. “ಮ್ಯಾನೇಜರ್ ಕೆಲಸಾನೂ ಹೋಯ್ತು. ಅವರ ಕೈಲೂ ಇದ್ದದ್ದು ಅದೊಂದೇ ಪ್ರಾಜೆಕ್ಟು.”