ಮಾವನವರೂ ಎರಡು ಡ್ರಮ್ ನೀರೂ

ಎಂಟುನೂರು ರೂಪಾಯಿ! ಕೇರಳದ ಆಲುವದಲ್ಲಿ ನಮ್ಮ ಮನೆಗೆ ತಾರಸಿ ಹಾಕಿದ ದಿನ ಎರಡು ಡ್ರಮ್ ಶುದ್ಧ ನೀರಿಗೆ ನಾನು ತೆತ್ತ ಬೆಲೆ. ಕಾಂಕ್ರೀಟು ಕಲಸಲಿಕ್ಕಲ್ಲ, ಕುಡಿಯಲಿಕ್ಕೂ ಅಲ್ಲ, ಸುಮ್ಮನೆ ಇಟ್ಟುಕೊಳ್ಳಲಿಕ್ಕೆ! ಜಲ್ಲಿ, ಮರಳು, ಕಬ್ಬಿಣ ಎಲ್ಲದಕ್ಕೂ ಚೌಕಾಸಿ ಮಾಡಿ ಅಂಗಡಿಯವರ ಕಣ್ಣಲ್ಲಿ ನೀರು ತರಿಸಿದ ನನ್ನಿಂದ ಈ ದಂಡ ಕಟ್ಟಿಸಿದವರು ನಮ್ಮ ಮಾವನವರು. ಹಾವಿಗೆ ಹೆದರುವವರಿದ್ದಾರೆ, ಹೆಂಡತಿಗೆ ಹೆದರುವವರಿದ್ದಾರೆ. ಹಸಿ ಸಿಮೆಂಟಿಗೆ ಹೆದರುವವರನ್ನು ನೀವು ಕಂಡಿದ್ದೀರಾ?

ಮಾವ ಕಾಸರಗೋಡಿನ ಕಡೆಯವರು. ಸರ್ಕಾರಿ ಕಟ್ಟಡಗಳ ಕೆಲಸ ನೋಡಿಕೊಂಡಿದ್ದು, ನಿವೃತ್ತರಾಗಿ ತಿರುವನಂತಪುರದ ಉಳ್ಳೂರಿನಲ್ಲಿ ನೆಲೆಸಿದವರು. ಒಮ್ಮೆ ಯಾರದೋ ಗೃಹಪ್ರವೇಶದ ಊಟದಲ್ಲಿ, ಎದುರಿನ ಚರಂಡಿ ಕೆಲಸದವನು ಬರಿಗೈಯಲ್ಲಿ ಕಾಂಕ್ರೀಟು ಬಳಿಯುವುದು ಕಂಡು, ಎಲೆ ಬಿಟ್ಟೆದ್ದು, ಹಸಿ ಸಿಮೆಂಟು ಸುಣ್ಣದ ಹಾಗೆ ಚರ್ಮ ಸುಡುತ್ತದೆಂದು ಉಪದೇಶಕ್ಕೆ ಹೋದರು. ಬರುವಷ್ಟರಲ್ಲಿ ಪಾಯಸ ಮುಗಿದಿತ್ತು. ಅವರ ಪಾಲಿನದು ವ್ಯರ್ಥವಾಗಬಾರದೆಂದು ನಾನೇ ಬಡಿಸಿಕೊಂಡಿದ್ದೆ ಬಿಡಿ!

ತಾರಸಿಯ ದಿನ ಬೆಳಗ್ಗೆಯೇ ರೈಲಿಳಿದು ಬಂದರು. ಕೆಲಸದವರಿಗೆಲ್ಲ ಮೊಣಕಾಲುದ್ದದ ಗಮ್‌ಬೂಟು ತಾವೇ ತಂದಿದ್ದರು. ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕಾಲನ್ನೂ ಬಗ್ಗಿ ನೋಡಿದರು.

"ಸಾರೇ, ಇದು ಪಣಿಯೋ ಪಟ್ಟಾಳಮೋ?" ಇದು ಕೆಲಸವೋ ಮಿಲಿಟರಿಯೋ ಎಂದು ಮೇಸ್ತಿರಿ ನಕ್ಕ.

"ಪಟ್ಟಾಳಂ ತನ್ನೆ!" ಮಿಲಿಟರಿಯೇ ಎಂದರು ಮಾವ, ನಗದೆ.

ನನ್ನ ಬೂಟು ಮಾತ್ರ ನನ್ನದೇ ಖರೀದಿ. ಗಿಡ್ಡನೆಯದು, ಹರಡಿನ ಮೇಲೆ ನಾಲ್ಕು ಬೆರಳು.

"ಇದೆಂತದು ಅಳಿಯಂದಿರೇ? ಬೂಟೋ, ಲೋಟವೋ?"

"ಅರ್ಧ ಬೆಲೆಗೆ ಸಿಕ್ಕಿತು ಮಾವ!"

"ಉಳಿದರ್ಧ ನಿಮ್ಮ ಕಾಲು ಕೊಡುತ್ತದೆ, ನೋಡಿ."

ಸಲಹೆ ಕೊಡದೆ ಇರಲಾರದ ನಾನು ಹಸಿ ಕಾಂಕ್ರೀಟಿಗೇ ಇಳಿದು ಮೇಸ್ತಿರಿಗೆ ಪಾಠ ಹೇಳತೊಡಗಿದೆ. ಹೆಜ್ಜೆ ಹೂತು ಬೂಟಿನೊಳಗೆ ರಾಡಿ ಇಳಿಯಿತು. ನೋವೇ ಇಲ್ಲ, ತಣ್ಣಗೆ ಹಿತವಾಗಿತ್ತು! ಈಗ ಬಿಚ್ಚಿದರೆ ನನ್ನ ವ್ಯಾಪಾರ ಕೆಟ್ಟಿತೆಂದು ಒಪ್ಪಿಕೊಂಡ ಹಾಗಲ್ಲವೇ? ಗತ್ತಿನಿಂದ ಒಂದು ಗಂಟೆ ಅಡ್ಡಾಡಿದೆ. ಆಮೇಲೆ ಉರಿ ಶುರುವಾಯಿತು. ಹಲ್ಲು ಕಚ್ಚಿ ನಗುತ್ತಾ ಕೆಳಗಿಳಿದು ಬಂದೆ.

ಮಾವ ನನ್ನ ಮುಖ ನೋಡಲಿಲ್ಲ, ನಡಿಗೆ ನೋಡಿದರು. "ಬಿಚ್ಚಿ!"

ಬಿಚ್ಚಿದರೆ ಹರಡಿನ ಚರ್ಮ ಬೆಂದ ಆಲೂಗಡ್ಡೆಯ ಸಿಪ್ಪೆಯಂತೆ ಸುಲಿದಿತ್ತು. ಆ ಕಾಲು ಉಳಿಯುತ್ತದೋ ಇಲ್ಲವೋ ಎಂದು ಮೊದಲ ಬಾರಿ ಹೆದರಿದೆ. ಮಾವ ಡ್ರಮ್ಮಿನ ಪಕ್ಕ ನೆಲದ ಮೇಲೇ ಕೂತು, ನನ್ನ ಪಾದ ತೊಡೆಯ ಮೇಲಿಟ್ಟುಕೊಂಡು, ಅಂಟಿದ ರಾಡಿಯನ್ನು ಬರಿಗೈಯಲ್ಲೇ ತೆಗೆಯುತ್ತಾ ಚೊಂಬಿನ ಮೇಲೆ ಚೊಂಬು ನೀರು ಸುರಿದರು.

"ಬಿಡಿ ಮಾವ, ಹಿರಿಯರು ನೀವು ನನ್ನ ಕಾಲು..."

"ಮದುವೆಯ ದಿನ ತೊಳೆದದ್ದು ಭಟ್ರು ಹೇಳಿದರು ಅಂತ. ಈಗ ಬಾಯಿ ಮುಚ್ಚಿ ಕೂತುಕೊಳ್ಳಿ."

ಇಪ್ಪತ್ತು ನಿಮಿಷ ಎಂದವರು ಗಡಿಯಾರ ನೋಡುವುದನ್ನೇ ಮರೆತರು. ಒಂದು ಡ್ರಮ್ ಪೂರ್ತಿ ಬರಿದಾಯಿತು. ಆಸ್ಪತ್ರೆಯಲ್ಲಿ ಡಾಕ್ಟರು, "ಈ ನೀರು ಬೀಳದಿದ್ದರೆ ಕಷ್ಟವಿತ್ತು," ಎಂದರು. ಕಾಲು ಉಳಿಯಿತು.

ಆದ್ದರಿಂದ ಕೇಳಿ. ಮನೆ ಕಟ್ಟುವಾಗ ಎಲ್ಲದಕ್ಕೂ ಚೌಕಾಸಿ ಮಾಡಿ, ಬೂಟಿನ ಎತ್ತರಕ್ಕೆ ಮಾತ್ರ ಬೇಡ. ಒಳಗೆ ತಣ್ಣಗಾದ ಕ್ಷಣವೇ ಬಿಚ್ಚಿ ತೊಳೆಯಿರಿ, ಉರಿಗೆ ಕಾಯಬೇಡಿ. ಬೆಂದಿದ್ದರೆ ತೊಳೆದು ನೇರ ಡಾಕ್ಟರ ಬಳಿ ಹೋಗಿ. ಮತ್ತೆ, ತೊಳೆಯಲು ಕೂತವರ ಕೈಗೆ ಮೊದಲು ಗ್ಲೌಸು ಕೊಡಿ. ನನಗೆ ಹೊಳೆಯಲಿಲ್ಲ. ಮರುದಿನ ತಟ್ಟೆಯ ಮುಂದೆ ಮಾವ ಅನ್ನ ಕಲಸಲಾಗದೆ ಚಮಚ ಕೇಳಿದಾಗಲೇ ಅವರ ಬೆರಳು ನೋಡಿದ್ದು.