ಗೋಡೆಯ ಮೇಲಿನ ಆಸ್ತಿ

ಪುಷ್ಪಾವತಿಯಮ್ಮ ಚಿತ್ರದ ಗಾಜನ್ನು ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದರು. ಎಷ್ಟು ಉಜ್ಜಿದರೂ ಒಂದು ಕಡೆ ಕೆಂಪು ಹೋಗಲಿಲ್ಲ. ಅದು ಕೊಳೆಯಲ್ಲ, ಗುಡ್ಡ ಎಂದು ಮಗ ವಿಜಯರಾಜ ಹೇಳಬೇಕಿತ್ತು. ಅವನು ಕನ್ನಡಿಯ ಮುಂದೆ ಕ್ರಾಪು ತಿದ್ದುತ್ತಿದ್ದ.

ಪುಂಜಾಲಕಟ್ಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ವಿಜಯರಾಜನಿಗೆ ಚಿತ್ರಕಲೆಯ ಗಂಧವೂ ಇರಲಿಲ್ಲ. ಆದರೆ ಅವನು ಮದುವೆಯಾಗಲು ಆಸೆಪಟ್ಟಿದ್ದ ಮೂಡುಬಿದಿರೆಯ ರಾಜಮತಿ ಮಂಗಳೂರಿನ ಕಾಲೇಜಿನಲ್ಲಿ ಓದುವವಳು, ಅವಳಿಗೆ ಜರ್ಮನಿಯ ಹೊಸ ಬಗೆಯ ಚಿತ್ರಗಳೆಂದರೆ ಪ್ರಾಣ ಎಂದು ಕೇಳಿದ್ದೇ ತಡ, ಮುಂಬಯಿಯಿಂದ ಅಂಥದೊಂದು ಚಿತ್ರದ ಪ್ರತಿ ತರಿಸಿಬಿಟ್ಟ. ಮ್ಯೂಸಿಯಮ್ಮಿನಲ್ಲಿರುವ ಮೂಲಕ್ಕೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲವಂತೆ. ಕೆಂಪು ಗುಡ್ಡ, ನೀಲಿ ಮರಗಳು, ಹಳದಿ ಗದ್ದೆ, ಕುಡಿದು ಬಂದವನಂತೆ ವಾಲಿ ನಿಂತ ಒಂದು ಮನೆ. "ಇದು ಕಣ್ಣಿಗೆ ಕಂಡದ್ದಲ್ಲ, ಮನಸ್ಸಿಗೆ ಕಂಡದ್ದು" ಎಂಬ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದ. ಅವನ ಮನಸ್ಸಿಗೆ ಕಂಡದ್ದು ರಾಜಮತಿ ಮಾತ್ರ.

ಆ ದಿನ ಹುಡುಗಿಯ ಸೋದರಮಾವ ಭರತರಾಜರು ಮನೆ ನೋಡಲು ಬಂದರು. ನಮ್ಮ ಕಡೆ ಮನೆ ನೋಡುವುದೆಂದರೆ ಆಸ್ತಿ ನೋಡುವುದು. ಹುಡುಗ ಅದರ ಜೊತೆಗೆ ಬರುವ ಸಾಮಾನು. ವಿಜಯರಾಜನ ಆಸ್ತಿಯೆಂದರೆ ಅಂಗಡಿ ಮತ್ತು ಅಂಗಳದ ನುಗ್ಗೆಮರ. ಊರಿನ ಯಾವ ಮದುವೆಯೂಟವನ್ನೂ ತಪ್ಪಿಸಿಕೊಳ್ಳದ ನೆರೆಮನೆಯ ಮುಂಡಪ್ಪ, ಕರೆಯದಿದ್ದರೂ ಬಂದು ಬೆಂಚಿನಲ್ಲಿ ಕೂತಾಗಿತ್ತು.

ಭರತರಾಜರು ಎತ್ತಿನ ಹಲ್ಲು ನೋಡುವವರಂತೆ ಚಿತ್ರವನ್ನು ನೋಡಿದರು.

"ಬೆಟ್ಟುಗದ್ದೆ. ನೀರಿಲ್ಲ, ಪೈರು ಹಳದಿ ತಿರುಗಿದೆ. ಮರ ಯಾಕೆ ನೀಲಿ?"

ವಿಜಯರಾಜ ತನ್ನ ವಾಕ್ಯಕ್ಕೆಂದು ಬಾಯಿ ತೆರೆದ. ಮುಂಡಪ್ಪ ಬಿಡಲಿಲ್ಲ. "ಮೈಲುತುತ್ತಿನ ನೀಲಿ ಮದ್ದು ಬಿಟ್ಟದ್ದು ಧನಿಗಳೇ. ಸ್ವಲ್ಪ ಜಾಸ್ತಿ ಆಯ್ತು."

"ಮನೆ ವಾಲಿದೆಯಲ್ಲ?"

"ಒಕ್ಕಲಿನವನದ್ದು. ಸಂಜೆಯಾದರೆ ಅವನೂ ಹಾಗೆಯೇ."

"ಗೇಣಿ ಎಷ್ಟು ಮುಡಿ ಅಕ್ಕಿ ಬರ್ತದೆ?"

ವಿಜಯರಾಜ ಬೆವರೊರೆಸಿಕೊಂಡ. "ಅದು ನಮ್ಮ ಜಾಗ ಅಲ್ಲ. ಜರ್ಮನಿಯದ್ದು."

ಭರತರಾಜರ ಮುಖ ಗಂಟಾಯಿತು. "ಬೇರೆಯವರ ಜಾಗಕ್ಕೆ ಗಾಜು ಹಾಕಿಸಿ ನೇತುಹಾಕಿದ್ದಾ? ನಿಮ್ಮದು ಎಲ್ಲುಂಟು?" ಎಂದು ಛತ್ರಿ ಕೈಗೆತ್ತಿಕೊಂಡರು.

ಮದುವೆಯೂಟ ಹೊಸಿಲು ದಾಟುವುದನ್ನು ಮುಂಡಪ್ಪ ಕಂಡ. "ಅವರ ಮಾತು ಎಂಥ ಕೇಳ್ತೀರಿ ಧನಿಗಳೇ. ಕಣ್ಣು ಬೀಳ್ತದೆ ಅಂತ ಹಾಗೆ ಹೇಳುವುದು. ಜಾಗ ಇಲ್ಲೇ, ನಾರಾವಿಯಿಂದ ಆಚೆ. ಹೌದಲ್ವಾ ಮಾರಾಯ್ರೆ?"

ವಿಜಯರಾಜನ ಕಣ್ಣ ಮುಂದೆ ರಾಜಮತಿ ಸುಳಿದಳು. ಕತ್ತು ತಾನಾಗಿ ಮೇಲೆ ಕೆಳಗೆ ಆಡಿತು.

"ಹಾಗೆ ಹೇಳಿ ಮತ್ತೆ," ಎಂದರು ಭರತರಾಜರು. ಆದರೆ ಛತ್ರಿ ಕೆಳಗಿಡಲಿಲ್ಲ. "ಕಾರು ಉಂಟಲ್ಲ, ಈಗಲೇ ಹೋಗಿ ನೋಡುವ. ಹೊತ್ತು ಮುಳುಗುವ ಮೊದಲು ಊಟಕ್ಕೆ ಬಂದರಾಯ್ತು."

ಕಾರು ಹೊರಟಿತು. ಮುಂದೆ, ಡ್ರೈವರನ ಪಕ್ಕ, ದಾರಿ ತೋರಿಸಲು ಮುಂಡಪ್ಪ. ಹಿಂದೆ, ಭರತರಾಜರ ಪಕ್ಕ, ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ವಿಜಯರಾಜ. ಗಡಿಗುರುತು ಹಿಡಿಯಲು ಅದು ಬೇಕಂತೆ.

ಗುರುವಾಯನಕೆರೆ ದಾಟಿತು. ಭರತರಾಜರು ಕೆಂಪು ಗುಡ್ಡದ ಬುಡಕ್ಕೆ ಬೆರಳಿಟ್ಟು, "ಬಾವಿ ಇಲ್ಲಿ ತೋಡುವ," ಎಂದರು.

"ಸ್ವಲ್ಪ ಎಡಕ್ಕೆ ಧನಿಗಳೇ," ಎಂದು ಮುಂಡಪ್ಪ ತಿರುಗಿ ಕೂತ. "ಅಲ್ಲಿ ಅಡಿಯಲ್ಲಿ ಪಾರೆಕಲ್ಲು."

ಇಬ್ಬರೂ ಬಾವಿಗೆ ಇಳಿದಾಗಿತ್ತು. ವಿಜಯರಾಜ ಕಿಟಕಿಯ ಕಡೆ ನೋಡುತ್ತ ಸಣ್ಣ ದನಿಯಲ್ಲಿ ಹೇಳಿದ:

"ನನ್ನನ್ನು ಇಲ್ಲೇ ಇಳಿಸಿ."